ಬಾಗಿಲ ಮೇಲಿನ ಮ್ಯಾನೇಜರ್

ಬಡ್ತಿ ಬೇಡವೆಂದ ಮಗಳನ್ನು ಹೆತ್ತವರು ಹೇಗೆ ನಡೆಸಿಕೊಳ್ಳುತ್ತಾರೆಂದು ನೋಡಬೇಕಾದರೆ ನಮ್ಮ ಮನೆಗೆ ಬನ್ನಿ. (ಚಹಾ ಕುಡಿದುಕೊಂಡೇ ಬನ್ನಿ. ಮಾಡುವವರು ರಜೆಯಲ್ಲಿದ್ದಾರೆ.)

ಕಂಪನಿಯವರು ನನ್ನನ್ನು ಮ್ಯಾನೇಜರ್ ಮಾಡುತ್ತೇವೆಂದದ್ದನ್ನು ಬಾಯಿತಪ್ಪಿ ಮನೆಯಲ್ಲಿ ಹೇಳಿದೆ. ನಾನಿನ್ನೂ ಯೋಚಿಸುತ್ತಿರುವಾಗಲೇ ಅಪ್ಪ ಹಿತ್ತಾಳೆಯ ಫಲಕ ಕೆತ್ತಿಸಿಕೊಂಡು ಬಂದರು: 'ಮ್ಯಾನೇಜರ್'. ಅಪ್ಪ ನಿವೃತ್ತ ಹೆಡ್ ಕ್ಲರ್ಕ್. ಇಡೀ ಸರ್ವಿಸಿನಲ್ಲಿ ಇಂಥ ಫಲಕವಿದ್ದ ಬಾಗಿಲು ತಟ್ಟಿದ್ದೇ ಬಂತು, ಒಳಗೆ ಕೂತವರಲ್ಲ.

ನಮ್ಮ ಈಗಿನ ಮ್ಯಾನೇಜರರನ್ನು ದಿನಾ ನೋಡುತ್ತೇನೆ. ಊಟದ ಡಬ್ಬಿ ತೆರೆದರೆ ಫೋನು, ಮುಚ್ಚಿದರೆ ಫೋನು. ಮಗು ಎಷ್ಟನೇ ಕ್ಲಾಸು ಎಂದು ಕೇಳಿದರೆ ಆ ಪುಣ್ಯಾತ್ಮರು ಹೆಂಡತಿಯನ್ನು ಕೇಳಿ ಹೇಳುತ್ತಾರೆ. ಸಂಜೆ ಈಜುಕೊಳದಲ್ಲಿ ಅಂಗಾತ ತೇಲುವ ನನ್ನ ಸಾಮ್ರಾಜ್ಯವೇ ನನಗೆ ಸಾಕು. ಬೇಡವೆಂದು ಹೇಳಿ ಬಂದೆ.

"ಬೇಡ ಅಂದ್ಯಾ? ತಲೆಗಿಲೆ ಕೆಟ್ಟಿದ್ಯಾ?" ಅಪ್ಪ ಗುಡುಗಿದರು.

"ಕೆಡಬಾರದು ಅಂತಾನೇ ಬೇಡ ಅಂದಿದ್ದು."

"ನಾಳೆ ನಾಲ್ಕು ಜನ ಕೇಳಿದ್ರೆ ಏನು ಹೇಳ್ಲಿ?"

"ಮಗಳು ಚೆನ್ನಾಗಿ ನಿದ್ದೆ ಮಾಡ್ತಾಳೆ ಅನ್ನಿ. ಅವ್ರಿಗೆ ನಿದ್ದೆ ಬರುತ್ತಾ ಅಂತ ಕೇಳ್ಕೊಂಡೂ ಬನ್ನಿ!"

ಅಪ್ಪ ಫಲಕವನ್ನು ಕರವಸ್ತ್ರದಿಂದ ಒರೆಸುತ್ತಾ ಕೂತರು. ನೋಡಿ ಪಾಪ ಎನಿಸಿತು. ಆದರೂ ಬಗ್ಗಲಿಲ್ಲ.

"ಅಷ್ಟು ಆಸೆ ಇದ್ರೆ ನನ್ನ ಕೋಣೆ ಬಾಗಿಲಿಗೇ ಹೊಡೀರಿ" ಎಂದುಬಿಟ್ಟೆ.

ಮರುದಿನ ಈಜು ಮುಗಿಸಿ ಬಂದರೆ ಫಲಕ ಬಾಗಿಲ ಮೇಲೆ ಥಳಥಳಿಸುತ್ತಿತ್ತು. ಹೊರಗೆ ಸ್ಟೂಲಿನ ಮೇಲೆ ಅಪ್ಪ. ನಾನು ಒಳಹೊಕ್ಕದ್ದೇ ತಡ, ಬಾಗಿಲು ತಟ್ಟಿದರು.

"ಒಳಗೆ ಬರಬಹುದಾ ಮೇಡಂ? ನಿಮ್ಮಮ್ಮ ಚಹಾಕ್ಕೆ ಸಕ್ಕರೆ ಹಾಕ್ತಿಲ್ಲ. ಕ್ರಮ ಆಗ್ಬೇಕು."

ಹಿಂದೆಯೇ ಅಮ್ಮ. "ಮೊದ್ಲು ನನ್ನ ರಜೆ ಮಂಜೂರಾಗ್ಲಿ ಮೇಡಂ. ಮದುವೆಯಾದಾಗಿಂದ ಒಂದೂ ತಗೊಂಡಿಲ್ಲ."

"ಮಂಜೂರು!" ಎಂದೆ, ಮಹಾರಾಣಿಯ ಗತ್ತಿನಲ್ಲಿ. ಅಷ್ಟರಲ್ಲಿ ಕೆಳಗಿನ ಮನೆಯ ಆಂಟಿ, "ಮ್ಯಾನೇಜರ್ ಇದ್ದಾರಾ? ನಿಮ್ಮ ಬಚ್ಚಲ ನೀರು ನಮ್ಮ ಗೋಡೆಗೆ ಇಳೀತಿದೆ" ಎನ್ನುತ್ತಾ ಬಂದರು. (ಅವರಿಗೆ ಸುದ್ದಿ ಮುಟ್ಟಿಸಿದವರು ಯಾರೆಂದು ಹೇಳಬೇಕಿಲ್ಲ.)

"ಸಾಕಪ್ಪಾ! ಈ ಹುದ್ದೆಗೂ ರಾಜೀನಾಮೆ!" ಎಂದು ಕೂಗಿದೆ.

ಅಪ್ಪ ಕನ್ನಡಕ ಸರಿಪಡಿಸಿಕೊಂಡರು. "ಕೊಡಿ ಮೇಡಂ. ಆದ್ರೆ ರಜೆ ಮಂಜೂರು ಮಾಡಿದವ್ರು ಬದಲಿ ವ್ಯವಸ್ಥೆ ಮಾಡ್ಲೇಬೇಕು. ನಿಯಮ ಹಾಗಿದೆ."

ಹೀಗೆ ಇಂದು ಸಂಜೆ, ಈಜುವ ಹೊತ್ತಿಗೆ ಸರಿಯಾಗಿ, ಒಲೆಯ ಮುಂದೆ ನಿಂತು ಈರುಳ್ಳಿ ಹೆಚ್ಚುತ್ತಿದ್ದೇನೆ. ಕಣ್ಣೀರು ಈರುಳ್ಳಿಯದೇ, ಸಂಶಯ ಬೇಡ. ಕಂಪನಿಯವರು ಬೆಳಗ್ಗೆ ಇನ್ನೊಮ್ಮೆ ಕೇಳಿದ್ದರು. ಇನ್ನೂ ಗಟ್ಟಿಯಾಗಿ ಬೇಡವೆಂದಿದ್ದೇನೆ.

ಅಮ್ಮ ನನ್ನ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟಿದ್ದಾಳೆ. ಅಪ್ಪ ಚಪ್ಪಲಿ ಮೆಟ್ಟುತ್ತಾ ಕೇಳುತ್ತಿದ್ದಾರೆ:

"ಮೇಡಂ, ಆ ಅಂಗಾತ ತೇಲೋದು ಕಲಿಯೋಕೆ ಎಷ್ಟು ದಿನ ಬೇಕಾಗುತ್ತೆ?"