ಆರಿಸಿದರೂ ಆರದ ಕಂಪ್ಯೂಟರ್

ಪಶು ಆಸ್ಪತ್ರೆಯ ಗುಮಾಸ್ತರು ಅಂದು ಸಂಜೆ ಕಂಪ್ಯೂಟರ್ ಆಫ್ ಮಾಡಿದರು. ಪರದೆ ಕಪ್ಪಾಯಿತು. ಆದರೆ ಮೇಜಿನ ಕೆಳಗಿನ ಡಬ್ಬದ ದೀಪ ಆರಲಿಲ್ಲ, ಒಳಗಿನ ಫ್ಯಾನು ನಿಲ್ಲಲಿಲ್ಲ. ಊಟ ಮುಗಿದರೂ ಏಳದ ನೆಂಟನ ಹಾಗೆ ಗುಂಯ್ ಎನ್ನುತ್ತ ಕೂತೇ ಇತ್ತು.

ಬಿಟ್ಟು ಹೋಗುವಂತಿಲ್ಲ, ಯಂತ್ರ ಪೂರ್ತಿ ಆರದೆ ಬೀಗ ಹಾಕಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಪ್ಲಗ್ಗು ಕೀಳೋಣವೆಂದರೆ ಅದು ಲಸಿಕೆ ಇಡುವ ಫ್ರಿಜ್ಜಿನ ಹಿಂದೆಲ್ಲೋ ಹುದುಗಿತ್ತು. ಆ ಫ್ರಿಜ್ಜನ್ನು ಅಲುಗಿಸಲು ನಾಲ್ಕಾಳು ಬೇಕು. ಅತ್ತ ಭಾವಮೈದುನನ ಮನೆಗೆ ಊಟಕ್ಕೆಂದು ಹೊರಟ ಹೆಂಡತಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಫೋನು ಬಡಿದುಕೊಂಡಿತು.

"ಎಲ್ಲಿದ್ದೀರಿ?"

"ಹೊರಟೆ ಕಣೇ. ಆಫ್ ಮಾಡಿದ್ರೂ ಕಂಪ್ಯೂಟರ್ ಆಫ್ ಆಗ್ತಿಲ್ಲ."

"ಹೋದ ಸಲ ಕತ್ತೆ ಬಾಗಿಲಿಗೆ ಅಡ್ಡ ಮಲಗಿದೆ ಅಂದ್ರಿ. ಈ ಸಲ ಇದಾ?"

ಕತ್ತೆ ನಿಜವಾಗಿಯೂ ಮಲಗಿತ್ತು. ಅದನ್ನು ಹೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ಮಾತು ಕೇಳಿಸಿಕೊಂಡ ಕಾಂಪೌಂಡರ್ ಬಂದರು. "ಬಟನ್ ಒತ್ತಿ ಹಿಡ್ಕೊಳ್ಳಿ ಸಾರ್. ಮೂಗು ಹಿಡಿದ್ರೆ ಬಾಯಿ ತಾನಾಗೇ ಬಿಡುತ್ತೆ."

ಹಿಡಿದರು. ದೀಪ ಆರಿತು. ಗುಮಾಸ್ತರು ಚೀಲ ಹೆಗಲಿಗೇರಿಸಿದ್ದೇ ತಡ, ಯಂತ್ರ ತಾನಾಗಿಯೇ ಮತ್ತೆ ಹತ್ತಿಕೊಂಡು "ಸುಸ್ವಾಗತ" ಎಂದಿತು.

ಕೈ ತೊಳೆಯುತ್ತಿದ್ದ ಡಾಕ್ಟರೂ ಬಂದು, ಅಭ್ಯಾಸಬಲದಿಂದ ಡಬ್ಬದ ಪಕ್ಕೆಯ ಮೇಲೆ ಅಂಗೈ ಇಟ್ಟರು. "ಮೈ ಬಿಸಿಯಿದೆ. ಏನೋ ಒಳಗೆ ಸಿಕ್ಕಿಹಾಕ್ಕೊಂಡಿದೆ. ಇನ್ನೊಂದ್ಸಲ ಆಫ್ ಮಾಡಿ, ಹಿಂದಿನ ವೈರುಗಳನ್ನ ಒಂದೊಂದಾಗಿ ಕಿತ್ತು ನೋಡ್ರಿ."

ಕಾಂಪೌಂಡರ್ ಮೇಜಿನಡಿ ತೂರಿದರು. ಮೌಸ್ ಕಿತ್ತರು, ಗುಂಯ್. ಕೀಬೋರ್ಡ್ ಕಿತ್ತರು; ಗುಂಯ್. ಪ್ರಿಂಟರಿನ ವೈರು ಕೀಳುತ್ತಲೇ ಟಕ್ಕನೆ ಎಲ್ಲ ನಿಂತಿತು. ಆ ಮೌನಕ್ಕೆ ಗುಮಾಸ್ತರ ಕಣ್ಣೇ ತುಂಬಿ ಬಂತು.

ಕಣ್ಣೊರೆಸಿಕೊಂಡು ತಿರುಗಿದರೆ, ಬಾಗಿಲಲ್ಲಿ ಹೆಂಡತಿ!

"ಬಸ್ಸು ಹೋಯ್ತು. ಎಲ್ಲಿ ನಿಮ್ಮ ಆಫ್ ಆಗದ ಕಂಪ್ಯೂಟರ್?"

"ಈಗ ತಾನೇ ಸರಿಹೋಯ್ತು..."

"ಹೌದಾ? ಸರಿಯಾಗಿ ನಾನು ಬರೋ ಹೊತ್ತಿಗೆ!"

"ತಡಿಯೇ, ತೋರಿಸ್ತೀನಿ."

ಗುಮಾಸ್ತರು ಕಿತ್ತ ವೈರುಗಳನ್ನೆಲ್ಲ ಮತ್ತೆ ಸಿಕ್ಕಿಸಿ, ಯಂತ್ರ ಹಚ್ಚಿ, ಹಾಳಾದ್ದು ಕೆಟ್ಟೇ ಇರಲಪ್ಪಾ ಎಂದು ಬೇಡಿಕೊಳ್ಳುತ್ತ ಆಫ್ ಮಾಡಿದರು. ಅದು ಬೈಸಿಕೊಂಡ ಮಗುವಿನ ಹಾಗೆ ತಕ್ಷಣ ಆರಿ ತೆಪ್ಪಗಾಯಿತು.

"ನೀವಾದ್ರೂ ಹೇಳ್ರಿ!" ಎಂದರು ಕಾಂಪೌಂಡರಿಗೆ. ಕಾಂಪೌಂಡರ್ ಆಕೆಯ ಮುಖ ನೋಡಿ, "ನಾನು ಈಗಷ್ಟೇ ಬಂದೆ ಅಕ್ಕಾ" ಎಂದು ಜಾರಿಕೊಂಡರು.

ಡಾಕ್ಟರು ಮಾತ್ರ ಸತ್ಯವಂತರು. "ಇಲ್ಲಮ್ಮ, ಇವರು ಹೇಳೋದು ನಿಜ. ಕಂಪ್ಯೂಟರ್ ಆಫ್ ಆಗ್ತಿರಲಿಲ್ಲ," ಎಂದರು.

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು.

"ದೊಡ್ಡ ಕೆಲಸ ಏನಲ್ಲ," ಎಂದು ಡಾಕ್ಟರು ಮುಂದುವರಿಸಿದರು. "ಒಂದು ವೈರು ಕಿತ್ರೆ ಆಗ್ತಿತ್ತು. ಆದ್ರೆ ಇವರಿಗೆ ಹೊಳೀಬೇಕಲ್ಲ!"

ಹೆಂಡತಿ ಗಂಡನನ್ನೊಮ್ಮೆ ನೋಡಿ, ತಮ್ಮನಿಗೆ ಫೋನು ಹಚ್ಚಿದಳು.

"ನೀವು ಊಟ ಮಾಡ್ಬಿಡಿ ಕಣೋ, ನಾವು ಬರಲ್ಲ. ಇಲ್ಲಪ್ಪ, ಈ ಸಲ ಸುಳ್ಳಲ್ಲ. ನಿಮ್ಮ ಭಾವನಿಗೆ ನಿಜವಾಗ್ಲೂ ಏನೂ ಬರಲ್ಲ."