ಡೇಲಿಯಾಕ್ಕೆ ಊರುಗೋಲು

ಬೆಳಗ್ಗೆ ಏಳಕ್ಕೆ ಬಾಗಿಲು ತೆರೆದ ವಿಲ್ಸನ್ ಕಣ್ಣಿಗೆ ಮೊದಲು ಬಿದ್ದದ್ದು ನೆಲ ನೋಡುತ್ತಾ ನಿಂತಿದ್ದ ಡೇಲಿಯಾ. ಊಟದ ತಟ್ಟೆಯಷ್ಟು ಅಗಲದ ಕೆಂಪು ಹೂ, ಅದನ್ನು ಹೊತ್ತ ದಂಟೋ ಪೆನ್ಸಿಲಿನಷ್ಟು ದಪ್ಪ. ರಾತ್ರಿಯ ಮಳೆ ನೀರು ಕುಡಿದು, ಮದುವೆ ಮನೆಯಲ್ಲಿ ಕೂತಲ್ಲೇ ತೂಕಡಿಸುವ ಮುದುಕನ ಹಾಗೆ ತಲೆ ಇಳಿಬಿಟ್ಟಿತ್ತು.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಅಂದು ಭಾನುವಾರ, ಕೃಷ್ಣಮೂರ್ತಿಪುರಂನ ಅವರ ಬೀದಿಯ ನಿವಾಸಿಗಳ ಸಂಘದವರು ಕೈತೋಟ ಸ್ಪರ್ಧೆ ಇಟ್ಟಿದ್ದರು. ಹನ್ನೊಂದಕ್ಕೆ ತೀರ್ಪುಗಾರರು ಬರುವವರಿದ್ದರು. ನಾಲ್ಕು ವರ್ಷದಿಂದ ಸಮಾಧಾನಕರ ಬಹುಮಾನವನ್ನೂ ಕಾಣದ ವಿಲ್ಸನ್‌ಗೆ ಹೆಂಡತಿ ಪುಷ್ಪಮೇರಿ ಕಡೆಯ ವಾಯಿದೆ ಕೊಟ್ಟಿದ್ದಳು. ಈ ಸಲವೂ ಬಹುಮಾನ ಬರದಿದ್ದರೆ ಕುಂಡಗಳೆಲ್ಲ ಬೀದಿಗೆ, ಆ ಜಾಗದಲ್ಲಿ ಮಳೆಗೆ ನೆನೆಯುವ ಅವಳ ಸ್ಕೂಟರಿಗೊಂದು ಶೆಡ್ಡು.

"ಚರ್ಚಿಗೆ ಬರಲ್ವೇನ್ರೀ?" ಎಂದಳು ಪುಷ್ಪಮೇರಿ ಸ್ಕೂಟರ್ ಸೀಟು ಒರೆಸುತ್ತಾ.

"ನೀನು ಹೋಗ್ಬಾ ಮೇರಿ. ನಾನು ಬಂದ್ರೆ ಈ ಹೂ ಮುರಿದು ಬೀಳುತ್ತೆ."

"ದೇವ್ರಿಗೆ ಒಂದು ಗಂಟೆ ಕೊಡಕ್ಕಾಗಲ್ಲ, ಹೂವಿಗೆ ಇಡೀ ದಿನ ಕೊಡ್ತೀರ," ಎಂದು ಅವಳು ಹೊರಟುಹೋದಳು.

ಗಿಡಕ್ಕೆ ಕೊಡುವ ಕೋಲು ನರ್ಸರಿಯಲ್ಲಿ ಸಿಗುತ್ತದೆ. ಆದರೆ ಮನೆಯಲ್ಲಿ ಇಷ್ಟೊಂದು ಮುರುಕಲು ಸಾಮಾನು ಬಿದ್ದಿರುವಾಗ ಅಂಗಡಿಗೆ ಹೋಗುವ ಜಾಯಮಾನ ವಿಲ್ಸನ್‌ದಲ್ಲ. ಹಳೇ ಕೊಡೆಯ ಕಡ್ಡಿಯೊಂದನ್ನು ಕುಂಡಕ್ಕೆ ಚುಚ್ಚಿ, ಹೊಲಿಗೆ ದಾರದಿಂದ ದಂಟನ್ನು ಅದಕ್ಕೆ ಬಿಗಿದ. ಹೂವಿನ ಜೊತೆಗೆ ಕಡ್ಡಿಯೂ ಬಾಗಿತು.

ಅಷ್ಟರಲ್ಲಿ ಪಕ್ಕದ ಕಾಂಪೌಂಡಿನ ಮೇಲೆ ಒಂದು ತಲೆ ಎದ್ದಿತು. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫೋರ್‌ಮನ್ ಆಗಿದ್ದು ನಿವೃತ್ತರಾದ ಮಹದೇವಪ್ಪನವರ ತಲೆ. ಯಾರ ಮನೆಯಲ್ಲಿ ಏನು ಅಲುಗಾಡಿದರೂ ಅವರಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

"ಎಂಗ್ರೀ ನಿಲ್ತದೆ ಅದು? ಲೋಡ್ ಎಷ್ಟು, ಸಪೋರ್ಟ್ ಎಷ್ಟು, ನೋಡ್ಬೇಡ್ವಾ? ತಡೀರಿ, ಬಂದ್ಬುಟ್ಟೆ."

ಬಂದವರ ಒಂದು ಕೈಯಲ್ಲಿ ಪಿವಿಸಿ ಪೈಪು, ಇನ್ನೊಂದರಲ್ಲಿ ಸುತ್ತಿಗೆ.

"ನಿಧಾನ ಸಾರ್, ಒಳಗಡೆ ಗೆಡ್ಡೆ ಇದೆ."

"ನಂಗೇ ಹೇಳ್ಕೊಡ್ತೀರಾ?" ಎಂದು ಅವರು ಮೂರು ಏಟು ಹಾಕಿದರು. ಮೊದಲನೆಯದಕ್ಕೆ ಪೈಪು ಇಳಿಯಿತು, ಎರಡನೆಯದಕ್ಕೆ ಇದ್ದ ಎರಡು ಮೊಗ್ಗೂ ಉದುರಿದವು, ಮೂರನೆಯದಕ್ಕೆ ಕುಂಡ ಸೀಳಿತು.

"ಕುಂಡ ವೀಕು ಕಣ್ರೀ," ಎಂದರು ಮಹದೇವಪ್ಪ, ಒಂದಿಷ್ಟೂ ಅಳುಕದೆ. ಸೀಳಿದ ಕುಂಡಕ್ಕೆ ಸೈಕಲ್ ಟ್ಯೂಬು ಸುತ್ತಿ, ದಂಟನ್ನು ಅದೇ ದಾರದಿಂದ ಪೈಪಿಗೆ ಬಿಗಿದದ್ದಾಯಿತು.

ಸದ್ದು ಕೇಳಿ ಎದುರುಮನೆಯ ಅಲಮೇಲಮ್ಮ ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಬಂದರು. "ಅಯ್ಯೋ, ದಾರ ಹಾಕಿ ಕತ್ತು ಕೊಯ್ತಿದೀರಲ್ರೀ! ಮೆತ್ತಗಿರೋದು ಕಟ್ಬೇಕು," ಎಂದು ಮನೆಗೆ ಓಡಿ ಹಳೇ ಲಂಗದ ಲಾಡಿ ತಂದರು. ಲಾಡಿಯೇನೋ ಮೆತ್ತಗಿತ್ತು. ಆದರೆ ನುಣುಪು ಪೈಪಿನ ಮೇಲೆ ಗಂಟು ಸರ್ರನೆ ಜಾರಿ, ಹೂ ಮತ್ತೆ ನೆಲ ನೋಡಿತು.

ಹತ್ತು ಗಂಟೆಯ ಹೊತ್ತಿಗೆ ವಿಲ್ಸನ್‌ಗೆ ಅಳುವೇ ಬಂದಿತ್ತು. ಆಗಲೇ ಬುದ್ಧಿಯೂ ಓಡಿತು. ಒಳಗಿಂದ ಮಾಪಿನ ಕೋಲು ತಂದು ಕುಂಡದ ಹೊರಗೆ ನೆಲದಲ್ಲೇ ಹೂತ. ತಂತಿ ಹ್ಯಾಂಗರನ್ನು ಬಿಡಿಸಿ ಬಳೆಯ ಹಾಗೆ ಬಗ್ಗಿಸಿ ಹೂವಿನ ಕೆಳಗೆ ಕೂರಿಸಿ, ಅದರ ಬಾಲವನ್ನು ಕೋಲಿಗೆ ಸುತ್ತಿದ. ಮೆತ್ತನೆಯ ಪಟ್ಟಿಗೆ ಹುಡುಕಾಡಲು ಪುರುಸೊತ್ತಿಲ್ಲದೆ ತೊಟ್ಟಿದ್ದ ಬನಿಯನ್ನನ್ನೇ ಕಳಚಿ ಹರಿದು, ದಂಟನ್ನು ಕೋಲಿಗೆ ಸಡಿಲವಾಗಿ ಕಟ್ಟಿ ಕೈಬಿಟ್ಟ.

ಮೂವರೂ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಹೂ ಅಲುಗಲಿಲ್ಲ. ಬಿಸಿಲಿಗೆ ಮುಖ ಕೊಟ್ಟು ನೆಟ್ಟಗೆ ನಿಂತಿತು.

"ನಿಂತ್ಬುಡ್ತಲ್ರೀ!" ಎಂದರು ಮಹದೇವಪ್ಪ, ಎಲ್ಲವೂ ತಮ್ಮ ಪೈಪಿನಿಂದಲೇ ಆಯಿತೆಂಬಂತೆ.

ಮಗ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ವಿಲ್ಸನ್‌ಗೆ ಇಷ್ಟು ಸಂತೋಷವಾಗಿರಲಿಲ್ಲ. "ಅಲಮೇಲಮ್ಮ, ಇವತ್ತು ಪ್ರೈಜ್ ಬರ್ಲಿ ಅಂತ ನಿಮ್ಮ ದೇವ್ರಿಗೂ ಒಂದು ಮಾತು ಹೇಳ್ಬಿಡಿ," ಎಂದು ಕೈಮುಗಿದು, ಬರಿಮೈಯಲ್ಲಿ ಬೀದಿಗೆ ಕಾಣಿಸುತ್ತಿದ್ದೇನೆಂದು ಅರಿವಾಗಿ ಸ್ನಾನಕ್ಕೆ ಓಡಿದ. ಮಹದೇವಪ್ಪನವರೂ ಸುತ್ತಿಗೆ ಇಡಲು ಮನೆಗೆ ಹೋದರು.

ಸರಿಯಾಗಿ ಹನ್ನೊಂದಕ್ಕೆ ಗೇಟಿನ ಸದ್ದಾಯಿತು. ವಿಲ್ಸನ್ ಇಸ್ತ್ರಿ ಷರಟಿನ ಗುಂಡಿ ಹಾಕಿಕೊಳ್ಳುತ್ತಲೇ ಬಂದು ತೀರ್ಪುಗಾರರನ್ನು ಎದುರುಗೊಂಡ. ಕನ್ನಡಕದ ಹಿರಿಯರೊಬ್ಬರು, ರಿಜಿಸ್ಟರ್ ಹಿಡಿದ ಹೆಂಗಸೊಬ್ಬರು. ಅವರ ಮುಖ ಅರಳುವುದನ್ನೇ ನೋಡಬೇಕೆಂದು ಕುಂಡಕ್ಕೆ ಬೆನ್ನು ಹಾಕಿ ನಿಂತು, "ಇದೇ ಸಾರ್ ನಮ್ಮ ಡೇಲಿಯಾ," ಎಂದು ಕೈ ಚಾಚಿದ.

ಹಿರಿಯರು ಟ್ಯೂಬು, ಪೈಪು, ಲಾಡಿ, ಮಾಪು, ಬನಿಯನ್ ಎಲ್ಲವನ್ನೂ ಬಗ್ಗಿ ನೋಡಿದರು. "ಸಪೋರ್ಟು ಭದ್ರವಾಗಿದೆ ಕಣ್ರೀ. ಹೂವೆಲ್ಲಿ?"

ವಿಲ್ಸನ್ ತಿರುಗಿದ. ತಂತಿಯ ಬಳೆ ಖಾಲಿ. ದಂಟಿನ ತುದಿಯನ್ನು ಯಾರೋ ನೀಟಾಗಿ ಚಿವುಟಿದ್ದರು.

ಅದೇ ಹೊತ್ತಿಗೆ ಪುಷ್ಪಮೇರಿಯ ಸ್ಕೂಟರು ಬಂತು. ಅದರ ಹಿಂದೆಯೇ ಬೀದಿ ಕೊನೆಯ ಆಂಜನೇಯನ ಗುಡಿಯಿಂದ ಅಲಮೇಲಮ್ಮ ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ ಹೋಳು, ಅದರ ಪಕ್ಕ ಡೇಲಿಯಾ.

"ನೀವು ಹೇಳಿದ್ರಲ್ಲಾಂತ ಅರ್ಚನೆ ಮಾಡಿಸ್ಬಿಟ್ಟೆ ಕಣ್ರೀ! ಅರ್ಚಕರು ಗೋತ್ರ ಕೇಳಿದ್ರು. ಗೊತ್ತಿಲ್ಲ ಅಂದೆ. ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ ತಾನೇ, ಅದನ್ನೇ ಹಾಕಿದ್ರು."

"ಹೂವು... ಅಲಮೇಲಮ್ಮ, ಹೂವು..."

"ಗಿಡದಲ್ಲಿ ಬಿಟ್ಟ ಮೊದಲನೇ ಹೂ ದೇವ್ರಿಗಲ್ವೇ? ಪ್ರೈಜು ತೋಟಕ್ಕೆ ತಾನೇ? ಗಿಡ ಇದ್ಯಲ್ಲ, ಗಟ್ಟಿಯಾಗಿ!"

ರಿಜಿಸ್ಟರಿನ ಹೆಂಗಸು ಏನೋ ಒಂದು ಸಣ್ಣ ಅಂಕಿ ಬರೆದು ಪುಸ್ತಕ ಮುಚ್ಚಿದರು. ಇಬ್ಬರೂ ಮುಂದಿನ ಮನೆಗೆ ಹೊರಟರು. ಪುಷ್ಪಮೇರಿ ಕುಂಡದಿಂದ ಗೇಟಿನವರೆಗೆ ಹೆಜ್ಜೆ ಹಾಕಿ ಅಳೆದು, ಮೊಬೈಲ್ ತೆಗೆದು ಶೆಡ್ಡಿನವನ ನಂಬರು ಹುಡುಕತೊಡಗಿದಳು.

ಅಲಮೇಲಮ್ಮ ಹೂವನ್ನೆತ್ತಿ ವಿಲ್ಸನ್‌ನ ಬೊಗಸೆಗಿಟ್ಟರು. "ಯಾಕ್ರೀ ಮುಖ ಸಣ್ಣಗೆ ಮಾಡ್ಕೊಂಡ್ರಿ? ಯೋಚ್ನೇನೇ ಬೇಡ. ಸ್ವಾಮಿ ತಲೆ ಮೇಲೆ ಇಟ್ಟಿದ್ದೇ ತಡ, ಒಂದು ಕ್ಷಣ ನಿಲ್ಲಲಿಲ್ಲ, ಧೊಪ್ಪಂತ ಬಲಗಡೆಗೇ ಬಿತ್ತು! ಪ್ರೈಜ್ ನಿಮ್ಗೇ ಕಣ್ರೀ."