ಎಮ್ಮೆಯ ತಲೆಗೆ ಔಡಲೆಣ್ಣೆ

ದನದ ಡಾಕ್ಟರ ನೌಕರಿಯಲ್ಲಿ ನಾನಾಡಿದ ಮಾತು ನನಗೇ ತಿರುಗಿ ಬಂದದ್ದು ಹೆಚ್ಚು. ಎಂಬತ್ತರ ದಶಕದ ಕೊನೆಗೆ ಮಸ್ಕಿಗೆ ಬಂದಾಗ ಮನಸ್ಸು ಅಲ್ಲಿ ನಿಂತಿರಲಿಲ್ಲ. ರಾಜೀನಾಮೆ ಕೊಟ್ಟು ಊರಿಗೆ ಹೋಗಬೇಕು ಅನ್ನುವುದೊಂದೇ ಯೋಚನೆ. ನನ್ನನ್ನು ಉಳಿಸಿಕೊಂಡದ್ದು ಒಂದು ಎಮ್ಮೆ, ಅದನ್ನು ಸಾಕಿದ ಒಬ್ಬ ಅವ್ವ, ಮತ್ತು ನಾನು ಬಿಗಿದ ಒಂದು ಭಾಷಣ.

೧. ಜಡ್ಡು ಮುಂದ, ಸೂಜಿ ಹಿಂದ

ಪಾಮನಕಲ್ಲೂರಿನ ಆ ಅವ್ವನ ಎಮ್ಮೆ ಜ್ವರ ಬಂದು ಮೇವು ಬಿಟ್ಟಿತ್ತು. ಅದರ ಹಾಲಿನ ಮೇಲೆಯೇ ಅವಳ ಸಂಸಾರ. "ಹೊಟ್ಟಿಗೆ ಏನಾಗೇತ್ರಿ ಸಾಹೇಬ್ರ?" ಅಂದಳು.

ಕಾಲೇಜಿನ ಬಿಸಿ ನನಗಿನ್ನೂ ಆರಿರಲಿಲ್ಲ. "ಹೊಟ್ಟಿ ಅಲ್ಲವ್ವ, ತಲಿ. ಮಿದುಳಿನಾಗ ಪೆಪ್ಟೈಡ್ ಅಂತ ಪ್ರೋಟೀನಿನ ಸಣ್ಣ ಸಣ್ಣ ತುಣುಕು ಇರ್ತಾವು. ಒಂದು 'ತಿನ್ನು' ಅಂತೈತಿ, ಇನ್ನೊಂದು 'ಸಾಕು' ಅಂತೈತಿ. ಜ್ವರ ಬಂದ್ರ ಸಾಕು ಅನ್ನೋದರದ್ದೇ ಜೋರು," ಎಂದು ಬಿಡಿಸಿ ಹೇಳಿ, ಎಮ್ಮೆಯ ಹಿಂಭಾಗಕ್ಕೆ ಇಂಜೆಕ್ಷನ್ ಕೊಟ್ಟು ಬಂದೆ.

ಮರುದಿನ ಹೋದರೆ ಎಮ್ಮೆ ಗಬಗಬ ಮೇಯುತ್ತಿದೆ. ತಲೆಯಿಂದ ಔಡಲೆಣ್ಣೆ, ಅದೇ ಹರಳೆಣ್ಣೆ, ಸುರಿಯುತ್ತಿದೆ, ಕೊಂಬಿನ ನಡುವೆ ಒದ್ದೆ ಬಟ್ಟೆ. "ನೋಡಿದ್ಯೇನವ್ವ ನನ್ನ ಇಂಜೆಕ್ಷನ್ನು?" ಅಂದೆ.

"ನಿಮ್ಮ ಸೂಜಿ ಏನ್ ಮಾಡೀತ್ರಿ? ಜಡ್ಡು ತಲ್ಯಾಗ ಐತಿ ಅಂತ ಹೇಳಿ, ಚುಚ್ಚಿದ್ದು ಕುಂಡಿಗೆ," ಅಂದಳು.

೨. ಸಾಕು ಅನ್ನೋ ಸೂಜಿ

ಸುದ್ದಿ ಕಾಲುವೆ ಸೀಮೆಗೂ ಹಬ್ಬಿತು. ಸಿಂಧನೂರು ಕಡೆಯ ವಳಕಮದಿನ್ನಿಯಿಂದ ಹಿರಿಯರೊಬ್ಬರು ಬಂದು ಕೂತರು.

"ಆ ಸಾಕು ಅನ್ನೋದನ್ನ ಸೂಜ್ಯಾಗ ಹಾಕಿ ಕೊಡಾಕ ಬರ್ತೈತೇನ್ರಿ?"

"ಅಂಥಾದ್ದು ಇನ್ನೂ ಬಂದಿಲ್ರಿ. ಯಾಕ, ಎತ್ತು ಬಾಳ ತಿಂತೈತೇನು?"

"ಎತ್ತು ತಿಂದ್ರ ದುಡೀತೈತಿ ಬಿಡ್ರಿ. ಪಂಚಮಿಗೆ ಬಂದ ಮಗಳನ್ನ ಕರಕೊಂಡು ಹೋಗಾಕ ಅಂತ ಬಂದ ಅಳಿಯ, ದೀಪಾವಳಿ ಬಂದ್ರೂ ಎದ್ದಿಲ್ಲ."

೩. ಡಾಕ್ಟರ ತಲೆ

ಆ ಚಳಿಗಾಲ ಜ್ವರ ಬಂದು ಮಲಗುವ ಪಾಳಿ ನನ್ನದಾಯಿತು. ಅನ್ನ ಕಂಡರೆ ಆಗುತ್ತಿರಲಿಲ್ಲ. ಲಿಂಗಸುಗೂರಿನ ಡಾಕ್ಟರು ಮಾತ್ರೆ ಕೊಟ್ಟಿದ್ದರು, ಕೂತು ಉಣ್ಣಿಸುವವರು ಯಾರು? ಎದ್ದು ಓಡಾಡುವಷ್ಟಾದರೆ ಈ ನೌಕರಿಗೆ ಕೈಮುಗಿದು ಬಸ್ ಹತ್ತುವುದೇ ಸರಿ ಅಂತ ನಿಶ್ಚಯ ಮಾಡಿಬಿಟ್ಟಿದ್ದೆ.

ಒಂದು ಮಧ್ಯಾಹ್ನ ಬಾಗಿಲಲ್ಲಿ ಪಾಮನಕಲ್ಲೂರಿನ ಅವ್ವ. ಗಂಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಅದೇ ಎಮ್ಮೆಯ ಮೊಸರು. "ಸೇರಂಗಿಲ್ಲವ್ವ," ಅಂದೆ. ಅವಳು ಚೀಲದಿಂದ ಬಾಟ್ಲಿ ತೆಗೆದು ನನ್ನ ನೆತ್ತಿಗೆ ಔಡಲೆಣ್ಣೆ ಸುರಿದು ತಟ್ಟತೊಡಗಿದಳು. ನಮ್ಮವ್ವನೂ ಹಾಗೆಯೇ ತಟ್ಟುತ್ತಿದ್ದಳು. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಹಸಿವೂ ಬಂತು. ರೊಟ್ಟಿ ಮುಗಿಸಿದೆ. ರಾಜೀನಾಮೆಯ ಮಾತು ಮತ್ತೆ ಎತ್ತಲಿಲ್ಲ. ಆ ಸೀಮೆಯಲ್ಲೇ ನೌಕರಿ ಮುಗಿಸಿದೆ. ಆ ಕೈಯ ಋಣ ತೀರಿಸುವಂಥದ್ದಲ್ಲ.

ಅವತ್ತು ಮಾತ್ರ, ಅವಳು ಇನ್ನೊಂದು ರೊಟ್ಟಿ ಹಾಕಲು ಬಂದಾಗ, "ಸಾಕವ್ವ, ಸಾಕು," ಅಂತ ತಾಟಿಗೆ ಕೈ ಅಡ್ಡ ಹಿಡಿದೆ.

"ಸಾಕು ಅನ್ನಾಕತ್ತಿದ್ದು ನಿಮ್ಮ ತಲಿರೀ ಸಾಹೇಬ್ರ, ನೀವೇ ಹೇಳೀರಿ. ಕೈ ತಗೀರಿ," ಅಂದು ಅವಳು ಮತ್ತೆ ಬಾಟ್ಲಿ ಎತ್ತಿದಳು. "ಎಮ್ಮಿನೂ ಇಷ್ಟು ಕಾಡಿಸಿರಲಿಲ್ಲ."